ಮೂರನೇ ವಾರದಲ್ಲೇ ಬಾಗಿಲು ತಟ್ಟಿ

ಅಮೆರಿಕದ ವಲಸೆ ನಿಯಮಾವಳಿಯನ್ನು ಯಾರೂ ಖುಷಿಗಾಗಿ ಓದುವುದಿಲ್ಲ. ಆದರೆ ಎಫ್-1 ವೀಸಾದ ವಿದ್ಯಾರ್ಥಿಗಳ ಬಗ್ಗೆ ಅದರಲ್ಲಿ ಒಂದು ಕಡೆ, ಆ ಒಣ ಭಾಷೆಯ ನಡುವೆಯೇ, ಕರುಣೆಯ ಮಾತು ಬರುತ್ತದೆ. ವಿದೇಶಿ ವಿದ್ಯಾರ್ಥಿ ಪ್ರತಿ ಸೆಮಿಸ್ಟರ್‌ನಲ್ಲೂ ಪೂರ್ಣ ಪ್ರಮಾಣದ ಕೋರ್ಸುಗಳನ್ನು ತೆಗೆದುಕೊಳ್ಳಲೇಬೇಕು. ಪದವಿ ತರಗತಿಗೆ 12 ಕ್ರೆಡಿಟ್, ಸ್ನಾತಕೋತ್ತರಕ್ಕೆ ಬಹಳಷ್ಟು ಕಡೆ 9. ಅದಕ್ಕಿಂತ ಕಡಿಮೆಯಾದರೆ ವೀಸಾಕ್ಕೇ ಕುತ್ತು. ಇಷ್ಟು ಬಿಗಿಯಾದ ನಿಯಮಕ್ಕೂ ಕೆಲವು ವಿನಾಯಿತಿಗಳಿವೆ. ಆರಂಭದಲ್ಲಿ ಇಂಗ್ಲಿಷ್ ತೊಡಕಾಗುತ್ತಿದ್ದರೆ, ಓದಬೇಕಾದ ಪುಟಗಳು ಮಿತಿಮೀರಿದ್ದರೆ, ಅಲ್ಲಿನ ಪಾಠದ ಕ್ರಮ ಗೊತ್ತಿಲ್ಲದಿದ್ದರೆ, ತನ್ನ ಮಟ್ಟಕ್ಕೆ ಹೊಂದದ ಕೋರ್ಸಿಗೆ ಸೇರಿಬಿಟ್ಟಿದ್ದರೆ, ವಿದ್ಯಾರ್ಥಿ ಹೊರೆಯನ್ನು ಅರ್ಧದವರೆಗೆ ಇಳಿಸಿಕೊಳ್ಳಬಹುದು.

ಅಂದರೆ ಪಾಠ ಅರ್ಥವಾಗದೆ ಇರಬಹುದು ಎಂದು ಆ ದೇಶದ ಸರ್ಕಾರವೇ ಮುಂಚಿತವಾಗಿ ಊಹಿಸಿ ಬರೆದಿಟ್ಟಿದೆ. ಲಕ್ಷಗಟ್ಟಲೆ ಸಾಲ ಮಾಡಿ ಹೋದ ನಮ್ಮ ಹುಡುಗ ಹುಡುಗಿಯರು ಮಾತ್ರ ಅದನ್ನು ರೂಮ್‌ಮೇಟ್‌ಗೂ ಹೇಳದೆ ಮುಚ್ಚಿಟ್ಟುಕೊಳ್ಳುತ್ತಾರೆ.

ಈ ವಿನಾಯಿತಿಗೆ ಷರತ್ತುಗಳಿವೆ. ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಡಿಎಸ್‌ಒ ಎಂಬ ಅಧಿಕಾರಿ ಇರುತ್ತಾರೆ. ಕೋರ್ಸ್ ಬಿಡುವ ಮೊದಲೇ ಅವರ ಒಪ್ಪಿಗೆ ಪಡೆಯಬೇಕು. ಬಿಟ್ಟ ಮೇಲೆ ಹೋಗಿ ಹೇಳಿದರೆ ಅವರ ಕೈಯಲ್ಲೂ ಹೆಚ್ಚೇನೂ ಉಳಿದಿರುವುದಿಲ್ಲ. ಮುಂದಿನ ಸೆಮಿಸ್ಟರ್‌ಗೆ ಮತ್ತೆ ಪೂರ್ಣ ಹೊರೆ ಹೊರಬೇಕು. ಒಂದು ಪದವಿಯ ಹಂತದಲ್ಲಿ ಈ ಕಾರಣಕ್ಕೆ ಒಂದೇ ಸಲ ಅವಕಾಶ. ಹಾಗಾಗಿ ಇದು ಮೊದಲು ಹಿಡಿಯಬೇಕಾದ ದಾರಿಯೇನಲ್ಲ. ಇದಕ್ಕಿಂತ ಮೊದಲು ಮಾಡಬಹುದಾದ ಕೆಲಸ ಬೇಕಾದಷ್ಟಿದೆ, ಮತ್ತು ಅದರಲ್ಲಿ ಮುಕ್ಕಾಲು ಪಾಲು ಸೆಮಿಸ್ಟರ್‌ನ ಮೊದಲ ಮೂರು ನಾಲ್ಕು ವಾರಗಳಲ್ಲೇ ಆಗಬೇಕು.

2023-24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದ ಕಾಲೇಜುಗಳಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು. ಆ ವರ್ಷ ಭಾರತ ಚೀನಾವನ್ನೂ ಹಿಂದೆ ಹಾಕಿತು. ಇವರಲ್ಲಿ ಹೆಚ್ಚಿನವರು ಹೋದದ್ದು ಎಂಎಸ್ ಮತ್ತಿತರ ಸ್ನಾತಕೋತ್ತರ ಓದಿಗೆ. ಇಲ್ಲಿ ನಾಲ್ಕು ವರ್ಷ ಇಂಗ್ಲಿಷಿನಲ್ಲೇ ಎಂಜಿನಿಯರಿಂಗ್ ಓದಿ, ಟೋಫೆಲ್‌ನಲ್ಲೋ ಐಇಎಲ್‌ಟಿಎಸ್‌ನಲ್ಲೋ ಒಳ್ಳೆಯ ಅಂಕ ತೆಗೆದವರು. ಅವರಿಗೆ ಪಾಠ ಯಾಕೆ ಅರ್ಥವಾಗುವುದಿಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಮೊದಲು ಭಾಷೆಯ ಲೆಕ್ಕವನ್ನೇ ಮುಗಿಸೋಣ. ಟೋಫೆಲ್ ಪರೀಕ್ಷೆಯಲ್ಲಿ ಕೇಳಿಸುವ ಉಪನ್ಯಾಸ ಕೆಲವೇ ನಿಮಿಷಗಳದ್ದು, ಶುದ್ಧವಾಗಿ ಧ್ವನಿಮುದ್ರಿಸಿದ್ದು. ನಿಜವಾದ ತರಗತಿ 50 ನಿಮಿಷವೋ 75 ನಿಮಿಷವೋ ನಡೆಯುತ್ತದೆ. ಹಿಂದಿನ ಸಾಲಿನಿಂದ ಯಾರೋ ಏನೋ ಕೇಳುತ್ತಾರೆ, ಪ್ರೊಫೆಸರ್ ಅರ್ಧ ಉತ್ತರ ಹೇಳಿ ನಕ್ಕು ಮುಂದೆ ಹೋಗುತ್ತಾರೆ. ಪ್ರೊಫೆಸರ್ ಟರ್ಕಿಯವರಿರಬಹುದು, ಹೋಮ್‌ವರ್ಕ್ ತಿದ್ದುವ ಟಿಎ (ಬೋಧನಾ ಸಹಾಯಕಿ) ಚೀನಾದವಳಿರಬಹುದು, ಪಕ್ಕದ ಸೀಟಿನವನು ಟೆಕ್ಸಾಸಿನವನಿರಬಹುದು. ಹಾಲಿವುಡ್ ಸಿನಿಮಾ ನೋಡಿ ಪಳಗಿಸಿಕೊಂಡ ಕಿವಿ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಾರದು. ಜೊತೆಗೆ ಬೇಸ್‌ಬಾಲ್‌ನಿಂದ ಬಂದ ನುಡಿಗಟ್ಟುಗಳು, ಮೂವತ್ತು ವರ್ಷದ ಹಿಂದಿನ ಟಿವಿ ಧಾರಾವಾಹಿಯ ಜೋಕುಗಳು.

ವಿಚಿತ್ರವೆಂದರೆ, ತಾಂತ್ರಿಕ ಪದಗಳು ಅಷ್ಟು ಕಾಡುವುದಿಲ್ಲ. ಐಗನ್‌ವ್ಯಾಲ್ಯೂ, ಟಾರ್ಕ್, ರಿಕರ್ಷನ್ ಎಲ್ಲವೂ ಇಲ್ಲೇ ಕಲಿತವು. ಕಾಡುವುದು ಅವುಗಳ ನಡುವಿನ ಪದಗಳು. ನ್ಯೂಜಿಲೆಂಡಿನ ಭಾಷಾ ಸಂಶೋಧಕಿ ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಶೈಕ್ಷಣಿಕ ಇಂಗ್ಲಿಷಿನ ಒಂದು ಪದಪಟ್ಟಿ ಪ್ರಕಟಿಸಿದರು. ಯಾವ ಒಂದು ಶಾಸ್ತ್ರಕ್ಕೂ ಸೇರದ, ಎಲ್ಲ ಶಾಸ್ತ್ರಗಳ ಬರಹದಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳು ಅದರಲ್ಲಿವೆ: ಅಸ್ಯೂಮ್, ಡಿರೈವ್, ಇಂಪ್ಲೈ, ಕನ್‌ಸಿಸ್ಟೆಂಟ್ ಥರದವು. ಶೈಕ್ಷಣಿಕ ಬರಹದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಈ ಪದಗಳೇ. ವಾದದ ಕೀಲುಗಳೆಲ್ಲ ಇರುವುದು ಇವುಗಳಲ್ಲಿ. ಒಬ್ಬರು ‘ಹೀಗಿದ್ದರೆ’ ಎಂದು ಊಹಿಸಿ ಹೇಳಿದ್ದನ್ನು ‘ಹೀಗಿದೆ’ ಎಂದು ತಿಳಿದುಕೊಂಡು ಬರೆದರೆ ಮುಂದಿನ ಇಡೀ ಲೆಕ್ಕ ಅಡ್ಡದಾರಿ ಹಿಡಿಯುತ್ತದೆ. ವೀಸಾ ಕೈಗೆ ಬಂದು ವಿಮಾನ ಹತ್ತುವವರೆಗಿನ ತಿಂಗಳುಗಳಲ್ಲಿ, ಶಾಪಿಂಗ್ ಪಟ್ಟಿಯ ಜೊತೆಗೆ, ಈ ಪಟ್ಟಿಯನ್ನೂ ಒಮ್ಮೆ ನೋಡುವುದು ಒಳ್ಳೆಯದು. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ.

ಆದರೂ ಭಾಷೆ ಇಲ್ಲಿ ಸಣ್ಣ ಪಾಲು. ದೊಡ್ಡದು ಬೇರೆಯೇ ಇದೆ.

ನಮ್ಮ ಕಾಲೇಜುಗಳಲ್ಲಿ ಪಾಠವೆಂದರೆ ಎಲೆ ಹಾಕಿ ಬಡಿಸಿದ ಊಟ. ಮೇಷ್ಟ್ರು ಹೇಳುತ್ತಾರೆ, ಬೋರ್ಡಿನ ಮೇಲೆ ಬರೆಯುತ್ತಾರೆ, ಬರೆದುಕೊಂಡದ್ದು ನೋಟ್ಸ್ ಆಗುತ್ತದೆ, ಆ ನೋಟ್ಸ್ ಪರೀಕ್ಷೆಗೆ ಸಾಕಾಗುತ್ತದೆ. ಸಾಲದೆ ಬಂದರೆ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸೀನಿಯರ್‌ಗಳ ನೋಟ್ಸ್, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ‘ಇಂಪಾರ್ಟೆಂಟ್’ ಎಂದು ಗುರುತು ಹಾಕಿದ ಪುಟಗಳು. ಸೆಮಿಸ್ಟರ್ ಕೊನೆಯ ಮೂರು ವಾರ ಕಷ್ಟಪಟ್ಟರೆ ದಡ ಸೇರಬಹುದು. ಇದನ್ನು ಹೀನಾಯವೆಂದು ನಾನು ಹೇಳುತ್ತಿಲ್ಲ. ಇದೂ ಒಂದು ವ್ಯವಸ್ಥೆ, ಇದಕ್ಕೂ ತನ್ನದೇ ಜಾಣತನ ಬೇಕು.

ಅಲ್ಲಿ ತರಗತಿಯ ಉಪನ್ಯಾಸವನ್ನು ಪೂರ್ಣ ಪಾಠವೆಂದು ಯಾರೂ ಭಾವಿಸುವುದಿಲ್ಲ. ವಿದ್ಯಾರ್ಥಿ ಆ ದಿನದ ಅಧ್ಯಾಯವನ್ನೋ ಸಂಶೋಧನಾ ಲೇಖನವನ್ನೋ ಮೊದಲೇ ಓದಿ ಬಂದಿದ್ದಾನೆ ಎಂದು ನಂಬಿಕೊಂಡೇ ಪ್ರೊಫೆಸರ್ ಮಾತು ಶುರು ಮಾಡುತ್ತಾರೆ. ಓದಿನಲ್ಲಿ ಇರುವುದನ್ನು ಬಿಟ್ಟು, ಅದರಾಚೆಯದನ್ನು ಹೇಳುತ್ತಾರೆ. ಉಳಿದದ್ದು ವಾರವಾರದ ಹೋಮ್‌ವರ್ಕಿನಲ್ಲಿ ಬಗೆಹರಿಯಬೇಕು. ಅಲ್ಲೂ ಬಗೆಹರಿಯದ್ದು ಆಫೀಸ್ ಅವರ್ಸ್‌ನಲ್ಲಿ ಬಗೆಹರಿಯಬೇಕು. ಯಾವ ವಾರ ಯಾವ ಓದು, ಯಾವುದಕ್ಕೆ ಎಷ್ಟು ಅಂಕ, ತಡವಾದರೆ ಏನು ದಂಡ, ಗುಂಪಿನಲ್ಲಿ ಚರ್ಚಿಸಬಹುದೋ ಇಲ್ಲವೋ, ಎಲ್ಲವೂ ಮೊದಲ ದಿನ ಕೊಡುವ ಸಿಲಬಸ್‌ನಲ್ಲಿ ಇರುತ್ತದೆ. ನಮ್ಮಲ್ಲಿ ಸಿಲಬಸ್ ಎಂದರೆ ಅಧ್ಯಾಯಗಳ ಪಟ್ಟಿ. ಅಲ್ಲಿ ಅದು ಕರಾರುಪತ್ರಕ್ಕೆ ಹತ್ತಿರ. ಅದನ್ನು ಪೂರ್ತಿ ಓದದೆ ಸೆಮಿಸ್ಟರ್ ಕಳೆಯುವವರ ಸಂಖ್ಯೆ ಕಡಿಮೆಯೇನಿಲ್ಲ.

ಈ ಏರ್ಪಾಡು ಗೊತ್ತಿಲ್ಲದ ಹುಡುಗನಿಗೆ ತರಗತಿಯಲ್ಲಿ ಅರ್ಧವೇ ಅರ್ಥವಾಗುತ್ತದೆ. ಪಕ್ಕದ ಅಮೆರಿಕನ್ ಹುಡುಗನಿಗೂ ಹಲವು ದಿನ ಅರ್ಧವೇ ಅರ್ಥವಾಗಿರುತ್ತದೆ. ಅವನು ಅದನ್ನು ಮಾಮೂಲು ಎಂದುಕೊಂಡು ಮಧ್ಯಾಹ್ನ ಪ್ರೊಫೆಸರ್ ಕೋಣೆಗೆ ಹೋಗುತ್ತಾನೆ. ನಮ್ಮವನು ತನ್ನ ತಲೆಯಲ್ಲೇ ಏನೋ ಕೊರತೆಯಿದೆ ಎಂದುಕೊಂಡು ರೂಮಿಗೆ ಹೋಗುತ್ತಾನೆ.

ಈ ಆಫೀಸ್ ಅವರ್ಸ್ ಬಗ್ಗೆ ನಾಲ್ಕು ಮಾತು ಹೆಚ್ಚಾಗಿಯೇ ಹೇಳಬೇಕು. ವಾರಕ್ಕೆ ಎರಡು ಮೂರು ಗಂಟೆ ಪ್ರೊಫೆಸರ್ ತಮ್ಮ ಕೋಣೆಯಲ್ಲಿ ವಿದ್ಯಾರ್ಥಿಗಳಿಗಾಗಿಯೇ ಕಾದು ಕುಳಿತಿರುತ್ತಾರೆ. ಟಿಎಗಳೂ ಹಾಗೆಯೇ ಕುಳಿತಿರುತ್ತಾರೆ. ಅಪಾಯಿಂಟ್‌ಮೆಂಟ್ ಬೇಕಿಲ್ಲ, ಉಪಕಾರ ಕೇಳಿದಂತೆಯೂ ಅಲ್ಲ. ನಮ್ಮಲ್ಲಿ ಸ್ಟಾಫ್ ರೂಮಿಗೆ ಕರೆಸಿದರು ಎಂದರೆ ಅಟೆಂಡೆನ್ಸ್ ಕಡಿಮೆಯಾಗಿದೆ ಎಂದೇ ಅರ್ಥ. ಹಾಗಾಗಿ ತಾನಾಗಿ ಹೋಗುವ ಅಭ್ಯಾಸ ಬರುವುದು ಕಷ್ಟ. ಹೋದವರೂ ಬಾಗಿಲಲ್ಲಿ ನಿಂತು ‘ಸರ್, ಏನೂ ಅರ್ಥವಾಗಲಿಲ್ಲ’ ಎನ್ನುತ್ತಾರೆ. ಇದಕ್ಕೆ ಯಾವ ಮೇಷ್ಟ್ರಿಗೂ ಉತ್ತರ ಕೊಡಲು ಬರುವುದಿಲ್ಲ. ತಾನು ಮಾಡಲು ಹೋಗಿ ಸಿಕ್ಕಿಬಿದ್ದ ಲೆಕ್ಕವನ್ನು ಕೈಯಲ್ಲಿ ಹಿಡಿದು, ‘ಮೂರನೇ ಸಾಲಿನವರೆಗೆ ಬಂದೆ, ಇಲ್ಲಿಂದ ಮುಂದೆ ಯಾಕೆ ಹೀಗಾಗುತ್ತದೆ ತಿಳಿಯುತ್ತಿಲ್ಲ’ ಎಂದರೆ ಹತ್ತು ನಿಮಿಷದಲ್ಲಿ ಕೆಲಸ ಆಗುತ್ತದೆ. ತಪ್ಪಾಗಿ ಮಾಡಿದ ಪುಟವೇ ಅಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಕಾಗದ, ಏಕೆಂದರೆ ತಿಳಿವಳಿಕೆ ಎಲ್ಲಿ ಕಡಿದುಹೋಗಿದೆ ಎನ್ನುವುದು ಮೇಷ್ಟ್ರಿಗೆ ಕಾಣಿಸುವುದು ಅದರಲ್ಲೇ. ಓದಲು ಕೊಟ್ಟ ಲೇಖನವಾದರೆ ಗೊಂದಲವಾದ ಪ್ಯಾರಾಕ್ಕೆ ಗೆರೆ ಎಳೆದುಕೊಂಡು ಹೋಗಬೇಕು.

ಮೂರನೇ ವಾರ ಎಂದು ಯಾಕೆ ಹೇಳುತ್ತಿದ್ದೇನೆಂದರೆ, ಆ ಹೊತ್ತಿಗೆ ಒಂದೆರಡು ಹೋಮ್‌ವರ್ಕ್ ತಿದ್ದಿ ವಾಪಸ್ ಬಂದಿರುತ್ತವೆ. ಎಲ್ಲಿ ಜಾರುತ್ತಿದೆ ಎಂದು ಕಾಗದದ ಮೇಲೆಯೇ ಕಾಣುತ್ತದೆ. ಮಿಡ್‌ಟರ್ಮ್ ಸಾಮಾನ್ಯವಾಗಿ ಆರು, ಏಳು, ಎಂಟನೇ ವಾರದಲ್ಲಿ. ಅದಾದ ಮೇಲೆ ಎಚ್ಚೆತ್ತರೆ ಅಂಕದ ದೊಡ್ಡ ಪಾಲು ಕೈಬಿಟ್ಟಿರುತ್ತದೆ. ಕೋರ್ಸ್ ಬಿಡುವ ಗಡುವು ಬಹುಶಃ ತಲೆಯ ಮೇಲೆಯೇ ಇರುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ 4ಕ್ಕೆ 3ರ ಸರಾಸರಿ ಉಳಿಸಿಕೊಳ್ಳಬೇಕು. ಕೆಳಗಿಳಿದರೆ ಪ್ರೊಬೇಷನ್. ಇಲ್ಲಿ ಬ್ಯಾಕ್‌ಲಾಗ್ ಕಟ್ಟಿ ಮುಂದಿನ ಸಲ ಬರೆಯುತ್ತೇನೆ ಎನ್ನುವ ಧೈರ್ಯ ಅಲ್ಲಿ ನಡೆಯುವುದಿಲ್ಲ.

ಹಾಗೆಂದು ಅಂಕ ನೋಡಿ ಗಾಬರಿಯಾಗುವುದೂ ಬೇಡ. ನೂರಕ್ಕೆ 48 ಬಂತೆಂದು ರಾತ್ರಿಯಿಡೀ ನಿದ್ದೆಗೆಟ್ಟವನಿಗೆ, ತರಗತಿಯ ಸರಾಸರಿಯೇ 45 ಎಂದು ಮಾರನೆಯ ದಿನ ತಿಳಿಯಬಹುದು. ಕಠಿಣ ಪ್ರಶ್ನೆ ಕೊಟ್ಟು ಸರಾಸರಿಯ ಮೇಲೆ ಗ್ರೇಡ್ ಕೊಡುವ ಪ್ರೊಫೆಸರ್‌ಗಳು ಬಹಳ ಮಂದಿ. ಡಿಸ್ಟಿಂಕ್ಷನ್ನಿನ ಲೆಕ್ಕದಲ್ಲಿ ಬೆಳೆದವರಿಗೆ ಇದು ಹೊಟ್ಟೆಗಿಳಿಯಲು ಸಮಯ ಬೇಕು.

ಒಬ್ಬರೇ ಕುಳಿತು ಓದುವುದರ ಮಿತಿಯ ಬಗ್ಗೆ ಒಂದು ಹಳೆಯ ಅಧ್ಯಯನವಿದೆ. 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತದ ಮೇಷ್ಟ್ರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಶ್ನೆಯ ಬೆನ್ನು ಹತ್ತಿದರು. ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಚೀನೀ ಮೂಲದವರು ಚೆನ್ನಾಗಿ ಮಾಡುತ್ತಿದ್ದರು, ಕಪ್ಪು ವಿದ್ಯಾರ್ಥಿಗಳು ಸೋಲುತ್ತಿದ್ದರು. ಇವರಿಗೆ ತಯಾರಿ ಸಾಲದು, ಆಸಕ್ತಿ ಸಾಲದು, ಮನೆಯ ಬೆಂಬಲವಿಲ್ಲ, ಬಡತನ ಎಂದು ಸಹೋದ್ಯೋಗಿಗಳು ಒಂದೊಂದು ಕಾರಣ ಕೊಟ್ಟರು. ಟ್ರೈಸ್‌ಮನ್ ಎರಡೂ ಗುಂಪಿನಿಂದ ಇಪ್ಪತ್ತಿಪ್ಪತ್ತು ಮಂದಿಯನ್ನು ಹಿಂಬಾಲಿಸಿ, ಅವರು ಹೇಗೆ ಓದುತ್ತಾರೆ ಎಂದು ಹತ್ತಿರದಿಂದ ನೋಡಿದರು. ಸಹೋದ್ಯೋಗಿಗಳು ಕೊಟ್ಟ ಒಂದು ಕಾರಣವೂ ನಿಲ್ಲಲಿಲ್ಲ. ಕಪ್ಪು ವಿದ್ಯಾರ್ಥಿಗಳು ಹೇಳಿದಷ್ಟು ಹೊತ್ತು ಶ್ರದ್ಧೆಯಿಂದ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಚೀನೀ ವಿದ್ಯಾರ್ಥಿಗಳು ಮೊದಲು ಒಬ್ಬರೇ ಲೆಕ್ಕ ಮಾಡಿ, ಸಂಜೆ ಸೇರಿ ಊಟದ ಜೊತೆಗೆ ಒಬ್ಬರ ಉತ್ತರವನ್ನು ಇನ್ನೊಬ್ಬರು ಪರೀಕ್ಷಿಸುತ್ತಿದ್ದರು. ಎಲ್ಲರಿಗೂ ಬಾರದ ಲೆಕ್ಕ ಸಿಕ್ಕಿದಾಗ ತೊಡಕು ತಮ್ಮಲ್ಲಲ್ಲ, ಲೆಕ್ಕದಲ್ಲೇ ಇದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಒಬ್ಬನೇ ಕುಳಿತವನಿಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ.

ಟ್ರೈಸ್‌ಮನ್ ಆಮೇಲೆ ಮಾಡಿದ್ದು ಇನ್ನೂ ಚೆನ್ನಾಗಿದೆ. ಹಿಂದುಳಿದವರಿಗೆ ವಿಶೇಷ ತರಗತಿ ಎಂಬ ಫಲಕ ಹಾಕಲಿಲ್ಲ. ಇನ್ನೂ ಕಠಿಣವಾದ ಲೆಕ್ಕಗಳನ್ನು ಕೊಟ್ಟು ಗುಂಪಿನಲ್ಲಿ ಕೂರಿಸಿದರು. ಸೋಲುತ್ತಿದ್ದವರು ಗೆಲ್ಲತೊಡಗಿದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1973ರಲ್ಲಿ, ಮಿಸ್ಸೂರಿ ವಿಶ್ವವಿದ್ಯಾಲಯದ ಕನ್ಸಾಸ್ ಸಿಟಿ ಕ್ಯಾಂಪಸ್ಸಿನಲ್ಲಿ ಡಿಯಾನಾ ಮಾರ್ಟಿನ್ ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಎಂಬ ಕ್ರಮ ಶುರು ಮಾಡಿದರು. ಕಷ್ಟ ಎಂದು ಹೆಸರಾದ ಕೋರ್ಸನ್ನು ಹಿಂದೆ ಚೆನ್ನಾಗಿ ಪಾಸು ಮಾಡಿದ ಹಿರಿಯ ವಿದ್ಯಾರ್ಥಿಯೊಬ್ಬ ಮತ್ತೆ ಅದೇ ತರಗತಿಯಲ್ಲಿ ಕೂರುತ್ತಾನೆ, ವಾರಕ್ಕೆ ಕೆಲವು ಸಲ ಕಿರಿಯರನ್ನು ಸೇರಿಸಿ ಚರ್ಚೆ ನಡೆಸುತ್ತಾನೆ. ಇಲ್ಲಿ ಕಷ್ಟದ್ದು ಎಂದು ಗುರುತಿಸುವುದು ಕೋರ್ಸನ್ನು, ವಿದ್ಯಾರ್ಥಿಯನ್ನಲ್ಲ. ಆದ್ದರಿಂದ ಹೋಗಲು ಯಾರಿಗೂ ಮುಜುಗರವಿಲ್ಲ. ಆಸ್ಟ್ರೇಲಿಯಾದಲ್ಲಿ ಇದೇ ಕ್ರಮ ಪಾಸ್ ಎಂಬ ಹೆಸರಿನಲ್ಲಿದೆ. ಹೋಗುವ ವಿಶ್ವವಿದ್ಯಾಲಯದಲ್ಲಿ ಇದು ಇದೆಯೇ ಎಂದು ಪ್ರವೇಶಕ್ಕೂ ಮೊದಲೇ ವಿಚಾರಿಸಬಹುದು. ರ‍್ಯಾಂಕಿಂಗ್ ಪಟ್ಟಿಗಿಂತ ಉಪಯೋಗದ ಮಾಹಿತಿ ಅದು.

ನಮ್ಮ ಹುಡುಗರಿಗೆ ಗುಂಪು ಹೊಸದೇನಲ್ಲ. ಒಂದೇ ಅಪಾರ್ಟ್‌ಮೆಂಟಿನಲ್ಲಿ ನಾಲ್ಕೈದು ಮಂದಿ ಇರುತ್ತಾರೆ, ಅನ್ನ ಸಾರು ಮಾಡಿಕೊಂಡು ಒಟ್ಟಿಗೇ ಕೂರುತ್ತಾರೆ. ಕನ್ನಡದಲ್ಲೋ ತೆಲುಗಿನಲ್ಲೋ ಹಿಂದಿಯಲ್ಲೋ ಪಾಠ ಬಿಡಿಸಿಕೊಳ್ಳುತ್ತಾರೆ. ಇದು ತುಂಬ ಒಳ್ಳೆಯದು. ಇಂಗ್ಲಿಷಿನಲ್ಲೇ ಮಾತಾಡಿ ಎಂದು ಗದರಿಸುವ ಓರಿಯೆಂಟೇಷನ್ ಭಾಷಣಗಳನ್ನು ಸ್ವಲ್ಪ ಪಕ್ಕಕ್ಕಿಡಬೇಕು ಎಂದೇ ನನ್ನ ಅಭಿಪ್ರಾಯ. ತಿಳಿಯುವುದು ಮೊದಲು, ಯಾವ ಭಾಷೆಯಲ್ಲಾದರೂ ಸರಿ. ಅಪಾಯ ಇರುವುದು ಚರ್ಚೆ ನಕಲಾಗಿ ಬದಲಾದಾಗ. ರಾತ್ರಿ ಹನ್ನೊಂದಕ್ಕೆ ಒಬ್ಬನ ಉತ್ತರ ಎಲ್ಲರ ಲ್ಯಾಪ್‌ಟಾಪಿಗೂ ಹೋಗುತ್ತದೆ. ನಮ್ಮಲ್ಲಿ ರೆಕಾರ್ಡ್ ಬುಕ್ ನೋಡಿ ಬರೆಯುವುದು ಸ್ನೇಹದ ಲೆಕ್ಕದಲ್ಲಿ ನಡೆದುಹೋಗುತ್ತದೆ. ಅಲ್ಲಿ ಅದೇ ಕೆಲಸಕ್ಕೆ ಕೋರ್ಸಿನಲ್ಲಿ ಫೇಲ್ ಮಾಡುತ್ತಾರೆ, ಅಮಾನತ್ತಿನವರೆಗೂ ಹೋಗಬಹುದು. ಕೋಡ್‌ಗಳ ನಡುವಿನ ಹೋಲಿಕೆ ಹಿಡಿಯುವ ಮಾಸ್ ಎಂಬ ಸಾಧನ 1994ರಿಂದಲೂ ಬಳಕೆಯಲ್ಲಿದೆ. ವೇರಿಯಬಲ್‌ಗಳ ಹೆಸರು ಬದಲಿಸಿದರೆ ಅದು ಮೋಸ ಹೋಗುವುದಿಲ್ಲ. ಮಾತಾಡುವುದು ಒಟ್ಟಿಗೆ, ಬರೆಯುವುದು ಬೇರೆ ಬೇರೆ ಕೋಣೆಯಲ್ಲಿ ಎಂದು ಅಪಾರ್ಟ್‌ಮೆಂಟಿನಲ್ಲೇ ಒಂದು ಕಟ್ಟು ಮಾಡಿಕೊಂಡರೆ ಸಾಕು. ಚಾಟ್‌ಜಿಪಿಟಿಗೂ ಇದೇ ಮಾತು. ಅರ್ಥವಾಗದ ಪ್ಯಾರಾವನ್ನು ಬಿಡಿಸಿ ಹೇಳು ಎಂದು ಕೇಳುವುದು ಒಂದು, ಉತ್ತರ ಬರೆಸಿಕೊಳ್ಳುವುದು ಇನ್ನೊಂದು. ಯಾವುದಕ್ಕೆ ಒಪ್ಪಿಗೆಯಿದೆ ಎನ್ನುವುದು ಕೋರ್ಸಿನಿಂದ ಕೋರ್ಸಿಗೆ ಬೇರೆ, ಸಿಲಬಸ್ ನೋಡಬೇಕು.

ಬರವಣಿಗೆಗೆ ಹೆಚ್ಚಿನ ಕ್ಯಾಂಪಸ್ಸುಗಳಲ್ಲಿ ಉಚಿತ ರೈಟಿಂಗ್ ಸೆಂಟರ್ ಇರುತ್ತದೆ. ಅಲ್ಲಿ ಕರಡು ಕೊಟ್ಟು ತಿದ್ದಿಸಿಕೊಂಡು ಬರುವ ಆಸೆ ಬೇಡ. ‘ಇಲ್ಲಿ ಏನು ಹೇಳಲು ಹೊರಟಿದ್ದೀರಿ?’ ಎಂದು ಕೇಳುತ್ತಲೇ ಕೂರಿಸುತ್ತಾರೆ. ಅದೇ ಅದರ ಲಾಭ. ಪರ್ಡ್ಯೂ ವಿಶ್ವವಿದ್ಯಾಲಯದ ಆನ್‌ಲೈನ್ ಬರವಣಿಗೆ ಕೇಂದ್ರವನ್ನಂತೂ ಹಾವೇರಿಯಲ್ಲಿ ಕುಳಿತೇ ಓದಬಹುದು.

ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ಸೈನ್ಸ್‌ಗೆ ಬಂದವರು ಈ ಇಡೀ ಕಥೆಯನ್ನು ಹದಿನಾರನೇ ವಯಸ್ಸಿನಲ್ಲೇ ಒಮ್ಮೆ ಅನುಭವಿಸಿದ್ದಾರೆ. ಜೂನ್ ತಿಂಗಳ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್ ಆಯಿತು, ವೇಗೋತ್ಕರ್ಷ ಆಕ್ಸಲರೇಷನ್ ಆಯಿತು. ಆಗ ಏನು ಮಾಡಿದರು? ಮಾರ್ಜಿನ್ನಿನಲ್ಲಿ ಕನ್ನಡ ಪದ ಬರೆದುಕೊಂಡರು. ಮಾರನೆಯ ದಿನದ ಪಾಠವನ್ನು ಹಿಂದಿನ ರಾತ್ರಿಯೇ ತಿರುವಿಹಾಕಿದರು. ಅರ್ಥವಾದ ಗೆಳೆಯನನ್ನು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಕನ್ನಡದಲ್ಲಿ ಹೇಳಿಸಿಕೊಂಡರು. ಮುಂಚಿತ ಓದು, ಪದಪಟ್ಟಿ, ಸ್ಟಡಿ ಗ್ರೂಪ್ ಎಂದು ವಿದೇಶದ ಕೈಪಿಡಿಗಳು ಹೇಳುವುದೆಲ್ಲ ಇದೇ. ಇಂಗ್ಲಿಷ್ ಮಾಧ್ಯಮದಲ್ಲೇ ಬೆಳೆದು ಎಂದೂ ಹೀಗೆ ತಡವರಿಸದವರಿಗೆ ಇಲ್ಲದ ಅನುಭವ ಇವರಿಗಿದೆ. ಕನ್ನಡ ಮಾಧ್ಯಮ ಎಂದು ಹೇಳಿಕೊಳ್ಳಲು ಸಂಕೋಚಪಡುವ ಬದಲು ಆ ಎರಡು ವರ್ಷದ ಉಪಾಯಗಳನ್ನು ನೆನಪು ಮಾಡಿಕೊಳ್ಳುವುದು ಮೇಲು.

ತಂದೆ ತಾಯಿಗೂ ಇದರಲ್ಲೊಂದು ಪಾಲಿದೆ. ‘ಊಟ ಆಯ್ತಾ, ಚಳಿ ಜಾಸ್ತಿನಾ, ಪಾರ್ಟ್‌ಟೈಮ್ ಕೆಲಸ ಸಿಕ್ತಾ’ ಎನ್ನುವಲ್ಲಿಗೆ ವಾರದ ಫೋನು ಮುಗಿಯುತ್ತದೆ. ಕ್ಯಾಂಪಸ್ ಒಳಗಿನ ಕೆಲಸಕ್ಕೆ ತರಗತಿ ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 20 ಗಂಟೆಯ ಮಿತಿಯಿದೆ. ಆ ಇಪ್ಪತ್ತೂ ಓದಿನ ಹೊತ್ತಿನಿಂದಲೇ ಹೋಗುವುದು. ಮೊದಲ ಸೆಮಿಸ್ಟರ್ ಕೆಲಸ ಬೇಡ, ನಾವು ಹೇಗೋ ಸುಧಾರಿಸುತ್ತೇವೆ ಎಂದು ಹೇಳುವ ಶಕ್ತಿ ಇರುವ ಮನೆಯವರು ಅದನ್ನು ಬಾಯಿಬಿಟ್ಟು ಹೇಳಬೇಕು. ‘ಯಾವ ಸಬ್ಜೆಕ್ಟ್ ಕಷ್ಟ ಆಗ್ತಿದೆ, ಆ ಮೇಷ್ಟ್ರನ್ನ ಹೋಗಿ ನೋಡಿದ್ಯಾ ಮಗಾ?’ ಎಂದು ಕೇಳಲು ಇಂಗ್ಲಿಷ್ ಬರಬೇಕಾಗಿಲ್ಲ.

ಕಲಿಸುವವರ ಕಡೆಯಿಂದಲೂ ಆಗಬೇಕಾದ್ದು ಸಾಕಷ್ಟಿದೆ, ಅದರಲ್ಲಿ ಕೆಲವಕ್ಕೆ ಖರ್ಚೇ ಇಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಗುರುತಿಸಿದ ಸಂಗತಿ ಇದು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಮೌನವಾಗಿದ್ದವರೂ ಮಾತಾಡುತ್ತಾರೆ. ಪ್ರಶ್ನೆಯನ್ನು ಒಂದು ಭಾಷೆಯಲ್ಲಿ ಕೇಳಿ, ಇನ್ನೊಂದರಲ್ಲಿ ಯೋಚಿಸಿ, ಮತ್ತೆ ಮೊದಲನೆಯದರಲ್ಲಿ ವಾಕ್ಯ ಕಟ್ಟುವವರಿಗೆ ಆ ಎರಡು ಸೆಕೆಂಡ್ ಬಹಳ ದೊಡ್ಡದು. ಸ್ಲೈಡ್‌ಗಳನ್ನು ಹಿಂದಿನ ದಿನವೇ ಹಾಕುವುದು, ರೆಕಾರ್ಡಿಂಗ್‌ಗೆ ಅಡಿಬರಹ ಕೊಡುವುದು, ಹೊಸ ಪದವನ್ನು ಬೋರ್ಡಿನ ಮೇಲೆ ಬರೆಯುವುದು, ಇವೆಲ್ಲ ವಿದೇಶಿಯರಿಗೆಂದು ಮಾಡಿದರೂ ಸ್ವದೇಶಿಯರಿಗೂ ಉಪಕಾರವೇ.

ಇಷ್ಟೆಲ್ಲ ಅಮೆರಿಕಕ್ಕೆ ಹೇಳುವ ನಾವು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಮೈಸೂರು, ಬೆಂಗಳೂರು, ಮಣಿಪಾಲಗಳಲ್ಲಿ ಆಫ್ರಿಕಾದ, ಪಶ್ಚಿಮ ಏಷ್ಯಾದ ವಿದ್ಯಾರ್ಥಿಗಳು ಬಹಳ ಕಾಲದಿಂದ ಓದುತ್ತಿದ್ದಾರೆ. ಅರಬ್ಬಿಯಲ್ಲೋ ಫ್ರೆಂಚಿನಲ್ಲೋ ಶಾಲೆ ಮುಗಿಸಿ ಬಂದವರು ನಮ್ಮ ಇಂಗ್ಲಿಷಿಗೆ ಕಿವಿಗೊಡುವಷ್ಟರಲ್ಲಿ ಮೇಷ್ಟ್ರು ಉದಾಹರಣೆ ಕೊಡುವಾಗ ಕನ್ನಡಕ್ಕೆ ಜಾರಿರುತ್ತಾರೆ, ಇಡೀ ತರಗತಿ ನಕ್ಕಿರುತ್ತದೆ, ಇವರು ನಗುವುದೋ ಬೇಡವೋ ತಿಳಿಯದೆ ಕುಳಿತಿರುತ್ತಾರೆ. ಅವರಿಗಾಗಿ ಕನ್ನಡ ಬಿಡಿ ಎಂದು ನಾನು ಹೇಳುವುದಿಲ್ಲ. ನಮ್ಮ ಹಳ್ಳಿಯ ಮಕ್ಕಳಿಗೆ ಆ ಉದಾಹರಣೆ ಬೇಕು. ಆದರೆ ಕನ್ನಡದಲ್ಲಿ ಹೇಳಿದ್ದನ್ನು ಒಂದು ವಾಕ್ಯದಲ್ಲಿ ಇಂಗ್ಲಿಷಿನಲ್ಲೂ ಹೇಳಿ ಮುಂದೆ ಹೋಗಬಹುದು. ಹಿರಿಯ ವಿದ್ಯಾರ್ಥಿಯೊಬ್ಬನನ್ನು ಅವರ ಜೊತೆಗೆ ಹಾಕಬಹುದು. ಅಮೆರಿಕದ ತರಗತಿಗೆ ಬರೆಯದ ನಿಯಮಗಳಿರುವಂತೆ ನಮ್ಮದಕ್ಕೂ ಇವೆ. ಆಂತರಿಕ ಪರೀಕ್ಷೆಯ ಪ್ರಶ್ನೆಗಳು ಎಲ್ಲಿಂದ ಬರುತ್ತವೆ, ಐದು ಅಂಕದ ಉತ್ತರ ಎಷ್ಟು ಉದ್ದವಿರಬೇಕು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಯಾವ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ ಎನ್ನುವುದು ನಮ್ಮ ಹುಡುಗರಿಗೆ ಸೇರಿದ ವಾರದಲ್ಲೇ ಗೊತ್ತಾಗುತ್ತದೆ. ಸುಡಾನಿನಿಂದ ಬಂದವನಿಗೆ ಇದನ್ನು ಹೇಳುವ ಕೆಲಸವನ್ನು ಯಾವ ವಿಭಾಗ ಯಾರಿಗೆ ವಹಿಸಿದೆ?